ಸಿಂಪರಣೆಯ ಲೆಕ್ಕದಲ್ಲಿ ಬಿಟ್ಟುಹೋದ ಬಾಬ್ತು

ಭತ್ತಕ್ಕೆ ಕೀಟನಾಶಕ ಸಿಂಪಡಿಸಿದರೆ ಲಾಭವೆಷ್ಟು? ಗದ್ದೆಯ ಬದುವಿನ ಮೇಲೆ ಕುಳಿತು ಈ ಲೆಕ್ಕವನ್ನು ರೈತರಿಗೆ ನಾನು ಎಷ್ಟೋ ಸಲ ಬರೆದುಕೊಟ್ಟಿದ್ದೇನೆ. ಔಷಧಿಯ ಬೆಲೆ ಇಷ್ಟು, ಆಳಿನ ಕೂಲಿ ಇಷ್ಟು, ಉಳಿಯುವ ಇಳುವರಿ ಇಷ್ಟು. ಔಷಧಿ ಹೊಡೆದವನ ಕಣ್ಣುರಿ, ತಲೆಸುತ್ತು, ಅವನು ಕೆಲಸ ತಪ್ಪಿಸಿ ಮಲಗಿದ ದಿನಗಳು ನನ್ನ ಲೆಕ್ಕದಲ್ಲಿ ಇರುತ್ತಲೇ ಇರಲಿಲ್ಲ.

ಈ ಬಾಬ್ತನ್ನು ಲೆಕ್ಕಕ್ಕೆ ತಂದವರಲ್ಲಿ ಭಾರತ ಮೂಲದ ಕೃಷಿ ಅರ್ಥಶಾಸ್ತ್ರಜ್ಞ ಡಾ. ಪ್ರಭು ಪಿಂಗಳಿ ಪ್ರಮುಖರು. 1966ರಲ್ಲಿ ಐ.ಆರ್. 8 ಭತ್ತದ ತಳಿಯನ್ನು ಬಿಡುಗಡೆ ಮಾಡಿದ, ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅಲ್ಲಿ ಅವರೂ ಫಿಲಿಪೈನ್ಸಿನ ಅರ್ಥಶಾಸ್ತ್ರಜ್ಞೆ ಡಾ. ಆಗ್ನೆಸ್ ರೋಲಾ ಅವರೂ ಸೇರಿ ಕೀಟನಾಶಕ, ಭತ್ತದ ಇಳುವರಿ ಮತ್ತು ರೈತರ ಆರೋಗ್ಯ ಮೂರನ್ನೂ ಒಟ್ಟಿಗೆ ತೂಗಿ ನೋಡಿದರು. ವೈದ್ಯರಿಂದ ರೈತರ ತಪಾಸಣೆ ನಡೆಯಿತು. ಕಣ್ಣು, ಚರ್ಮ, ಶ್ವಾಸಕೋಶದ ತೊಂದರೆಗಳಿಗೂ ಔಷಧಿ ಹೊಡೆಯುವುದಕ್ಕೂ ಇರುವ ಸಂಬಂಧ ಕಂಡುಬಂದಿತು. ಚಿಕಿತ್ಸೆಯ ವೆಚ್ಚಕ್ಕೂ ಕಳೆದುಹೋದ ಕೆಲಸದ ದಿನಗಳಿಗೂ ಹಣದ ಲೆಕ್ಕ ಕಟ್ಟಲಾಯಿತು.

1993ರಲ್ಲಿ ಇದರ ಫಲಿತಾಂಶ ಪುಸ್ತಕವಾಗಿ ಹೊರಬಂದಿತು. ಆರೋಗ್ಯದ ವೆಚ್ಚವನ್ನೂ ಸೇರಿಸಿದಾಗ, ದಿನ ಗೊತ್ತುಮಾಡಿಕೊಂಡು ಔಷಧಿ ಹೊಡೆಯುವುದಕ್ಕಿಂತ ಕೀಟಗಳ ಹತೋಟಿಯನ್ನು ಅವುಗಳ ಸಹಜ ಶತ್ರುಗಳಿಗೆ ಬಿಡುವುದೇ ರೈತನಿಗೆ ಹೆಚ್ಚು ಲಾಭಕರವೆಂದು ತಿಳಿದುಬಂದಿತು.

ಇದಕ್ಕೆ ಕಾರಣ ನಮ್ಮ ಗದ್ದೆಗಳಲ್ಲಿಯೂ ಇದೆ. ಕಂದು ಜಿಗಿಹುಳು ಎಲೆಯ ಕವಚದೊಳಗೆ ಮೊಟ್ಟೆಯಿಡುತ್ತದೆ. ಮೇಲಿಂದ ಹೊಡೆದ ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಆದರೆ ಜಿಗಿಹುಳುವನ್ನು ತಿನ್ನುವ ಜೇಡಗಳು ಸಾಯುತ್ತವೆ. ಮೊಟ್ಟೆ ಒಡೆದು ಬಂದ ಮರಿಗಳಿಗೆ ಶತ್ರುಗಳೇ ಇರುವುದಿಲ್ಲ. ಹೀಗೆ ಔಷಧಿ ಹೊಡೆದ ಗದ್ದೆಯಲ್ಲೇ ಪಿಡುಗು ಹೆಚ್ಚುವುದುಂಟು.

ಡಾ. ಪಿಂಗಳಿಯವರು ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. 2013ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯ ಸೇರಿ, ಭಾರತದ ಬೇಸಾಯ ಮತ್ತು ಪೌಷ್ಟಿಕತೆಯ ಅಧ್ಯಯನದಲ್ಲಿ ತೊಡಗಿದರು.

ಔಷಧಿಯನ್ನು ಪೂರ್ತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಕೀಟನಿರೋಧಕ ತಳಿ ಬೆಳೆಯಿರಿ. ಯೂರಿಯಾ ಅತಿಯಾಗಿ ಹಾಕಬೇಡಿ. ವಾರಕ್ಕೊಮ್ಮೆ ಗದ್ದೆಗಿಳಿದು ತೆನೆಗುಂಪಿನ ಬುಡ ಬಿಡಿಸಿ, ಜಿಗಿಹುಳುವಿನ ಜೊತೆಗೆ ಜೇಡಗಳನ್ನೂ ಎಣಿಸಿ. ಹೊಡೆಯಲೇಬೇಕಾದರೆ ಶಿಫಾರಸು ಮಾಡಿದ ಪ್ರಮಾಣದಲ್ಲಿ, ಕೈಗವಸು ಮತ್ತು ಮುಖವಸ್ತ್ರ ಧರಿಸಿ, ಗಾಳಿಗೆ ಎದುರಾಗದಂತೆ ಹೊಡೆಯಿರಿ.

ಜಮಾಖರ್ಚು ಬರೆಯುವಾಗ ಡಾಕ್ಟರಿಗೆ ಕೊಟ್ಟ ಹಣವನ್ನೂ ತಪ್ಪಿದ ಕೂಲಿಯನ್ನೂ ಔಷಧಿಯ ಖರ್ಚಿನ ಕೆಳಗೇ ಬರೆಯಿರಿ. ನಾನೂ ಈಗ ಹಾಗೆಯೇ ಬರೆದುಕೊಡುತ್ತಿದ್ದೇನೆ.