ಕಣ್ಣೆದುರಿಗಿದ್ದೂ ಕಾಣದವರು: ಸಾಕ್ಷ್ಯಚಿತ್ರಗಳನ್ನು ಕುರಿತು ಕೆಲವು ಮಾತುಗಳು

ಅತಿಪರಿಚಯದಿಂದ ಅನಾದರವು ಹುಟ್ಟುವದೆಂದು ಹಿರಿಯರು ಹೇಳಿರುವರಷ್ಟೆ. ಅನಾದರದ ಮಾತು ಹಾಗಿರಲಿ. ನಿತ್ಯವೂ ಕಣ್ಣೆದುರಿಗಿರುವದನ್ನು ನಾವು ನೋಡುವದನ್ನೇ ಬಿಟ್ಟುಬಿಡುತ್ತೇವೆಂಬುದು ನನ್ನ ಅನುಭವ. ಹಾಲು ತರುವವನ ಮುಖವು ನಮಗೆ ಗೊತ್ತು. ಅವನು ಎಷ್ಟು ಹೊತ್ತಿಗೆ ಏಳುವನೆಂಬುದು ಗೊತ್ತಿಲ್ಲ. ಕಬ್ಬು ಕಡಿಯುವ ತಂಡಗಳು ವರುಷ ವರುಷವೂ ನಮ್ಮ ಕೃಷ್ಣಾತೀರದ ಹೊಲಗಳಿಗೆ ಬಂದು ಹೋಗುತ್ತವೆ. ಆ ತಿಂಗಳುಗಳಲ್ಲಿ ಅವರ ಮಕ್ಕಳು ಯಾವ ಶಾಲೆಯಲ್ಲಿ ಕೂಡುವರೆಂದು ನಮ್ಮಲ್ಲಿ ಎಷ್ಟು ಜನರು ವಿಚಾರಿಸಿದ್ದಾರೆ? ಇಂತಹ ಅರಿಯದ ಬಾಳುಗಳನ್ನು ನಮ್ಮ ಅರಿವಿಗೆ ತರುವ ಸಾಧನವೊಂದು ಈಗ ಮನೆಮನೆಯ ಪಡಸಾಲೆಗೂ ಬಂದಿರುವದು. ಅದೇ ಸಾಕ್ಷ್ಯಚಿತ್ರ.

ಸಾಕ್ಷಾತ್ತಾಗಿ ಕಂಡವನೇ ಸಾಕ್ಷಿಯೆಂದು ಪಾಣಿನಿಯು ಆ ಪದವನ್ನು ಸಾಧಿಸಿರುವನು. ಕೇಳಿದವನು ಸಾಕ್ಷಿಯಲ್ಲ, ಊಹಿಸಿದವನೂ ಅಲ್ಲ. ಕಥಾಚಿತ್ರದಲ್ಲಿ ಬಡವನ ವೇಷವನ್ನು ನಟನು ಹಾಕುವನು; ಸಾಕ್ಷ್ಯಚಿತ್ರದಲ್ಲಾದರೋ ಬಡವನೇ ತನ್ನ ಬಾಯಿಯಿಂದ ತನ್ನ ಬಾಳನ್ನು ಹೇಳುವನು. ರಾಬರ್ಟ್ ಫ್ಲಾಹರ್ಟಿಯೆಂಬವನು 1922ರಲ್ಲಿ ಹಿಮಪ್ರದೇಶದ ಬೇಟೆಗಾರನ ಸಂಸಾರವನ್ನು ಕುರಿತು ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರವನ್ನು ಮಾಡಿದನು. ಅವನದೇ ಮತ್ತೊಂದು ಚಿತ್ರವನ್ನು ವಿಮರ್ಶಿಸುವಾಗ ಜಾನ್ ಗ್ರಿಯರ್ಸನ್ ಎಂಬ ಸ್ಕಾಟ್ಲೆಂಡದ ಲೇಖಕನು 1926ರಲ್ಲಿ ‘ಡಾಕ್ಯುಮೆಂಟರಿ’ ಎಂಬ ಮಾತನ್ನು ಬಳಕೆಗೆ ತಂದನು.

ನಮ್ಮ ದೇಶವೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೊಟೆಲಿನಲ್ಲಿ ಚಲಚ್ಚಿತ್ರದ ಮೊದಲ ಪ್ರದರ್ಶನವಾಯಿತು. ಮೂರೇ ವರುಷಗಳ ತರುವಾಯ, 1899ರಲ್ಲಿ, ಹರಿಶ್ಚಂದ್ರ ಸಖಾರಾಮ ಭಾಟವಡೇಕರರು ಅದೇ ಪಟ್ಟಣದಲ್ಲಿ ನಡೆದ ಕುಸ್ತಿಯೊಂದನ್ನು ಚಿತ್ರೀಕರಿಸಿದರು. ಕುಸ್ತಿಯೆಂದರೆ ಪ್ರಾಣ ಬಿಡುವ ನಮ್ಮ ಕಡೆಯವರಿಗೆ ಇದು ಸಂತೋಷದ ಸಂಗತಿಯಲ್ಲವೆ? 1948ರಲ್ಲಿ ಕೇಂದ್ರ ಸರಕಾರವು ಫಿಲ್ಮ್ಸ್ ಡಿವಿಜನ್ ಎಂಬ ಶಾಖೆಯನ್ನು ಸ್ಥಾಪಿಸಿತು. ಅದರ ಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬಹುದು. ಆ ಹೊತ್ತಿನಲ್ಲಿ ನಾವು ಹುಡುಗರು ಹೊರಗೆ ನಿಂತು ಶೇಂಗಾ ತಿನ್ನುತ್ತಿದ್ದೆವು. ಆ ಶಾಖೆಯು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು.

ಆಗಿನ ಆ ಚಿತ್ರಗಳಲ್ಲಿ ಅಣೆಕಟ್ಟುಗಳೂ ಉದ್ಘಾಟನೆಗಳೂ ಬಹಳವಾಗಿ ಕಾಣುತ್ತಿದ್ದವು. ಈಗಿನ ಹೊಸ ಚಿತ್ರಗಳಲ್ಲಿ ಸಾಮಾನ್ಯ ಮನುಷ್ಯನೇ ನಾಯಕನು. ದಿಲ್ಲಿಯ ಇಬ್ಬರು ಸೋದರರು ಗಾಯಗೊಂಡು ಆಕಾಶದಿಂದ ಬಿದ್ದ ಹದ್ದುಗಳನ್ನು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಉಪಚರಿಸುವದನ್ನು ಶೌನಕ ಸೇನರ ‘ಆಲ್ ದ್ಯಾಟ್ ಬ್ರೀದ್ಸ್’ (2022) ತೋರಿಸುವದು. ಉತ್ತರ ಪ್ರದೇಶದಲ್ಲಿ ದಲಿತ ಸ್ತ್ರೀಯರು ನಡೆಯಿಸುವ ಪತ್ರಿಕೆಯ ವೃತ್ತಾಂತವು ‘ರೈಟಿಂಗ್ ವಿತ್ ಫೈರ್’ (2021) ಎಂಬುದರಲ್ಲಿದೆ. ನಮ್ಮ ಬಂಡೀಪುರದ ನೆರೆಯ ಮುದುಮಲೆಯ ಕಾಡಿನಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕಿದ ಬೊಮ್ಮನ್–ಬೆಳ್ಳಿ ದಂಪತಿಗಳ ಚಿತ್ರಕ್ಕೆ, ಅಂದರೆ ಕಾರ್ತಿಕಿ ಗೊನ್ಸಾಲ್ವಿಸರ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬುದಕ್ಕೆ, 2023ರಲ್ಲಿ ಆಸ್ಕರ್ ಪುರಸ್ಕಾರವು ಬಂದಿತು. ಕನ್ನಡಿಗರಂತೂ ದಿವಂಗತ ಪುನೀತ ರಾಜಕುಮಾರರು ನಾಡಿನ ಅರಣ್ಯಗಳಲ್ಲಿ ಸಂಚರಿಸಿದ ‘ಗಂಧದ ಗುಡಿ’ಯನ್ನು 2022ರ ಅಕ್ಟೋಬರದಲ್ಲಿ ಸಂಸಾರಸಮೇತರಾಗಿ ಚಿತ್ರಮಂದಿರಗಳಲ್ಲಿ ನೋಡಿದರು. ಹೊರಗೆ ನಿಂತು ಶೇಂಗಾ ತಿನ್ನುವ ಕಾಲವು ಮುಗಿಯಿತೆಂದು ಹೇಳಬಹುದು.

ಇವೆಲ್ಲ ದೂರದೂರದ ಮಾತುಗಳಾದವು. ನಾನು ಮುಖ್ಯವಾಗಿ ಹೇಳಬೇಕೆಂದಿರುವದು ಚಿಕ್ಕೋಡಿಯಿಂದ ಬಸ್ಸಿನಲ್ಲಿ ತಾಸಿನೊಳಗೆ ಮುಟ್ಟಬಹುದಾದ ನಿಪ್ಪಾಣಿಯ ವಿಷಯವನ್ನು.

ನಿಪ್ಪಾಣಿಯು ಬೀಡಿ ತಂಬಾಕಿಗೆ ಹೆಸರಾದ ಪೇಟೆ. ತಂಬಾಕಿಗೆ ಯೋಗ್ಯ ಬೆಲೆಯನ್ನು ಕೇಳಿ 1981ರಲ್ಲಿ ರೈತರು ಹೆದ್ದಾರಿಯನ್ನು ತಡೆದುದೂ, ಪೋಲೀಸರ ಗುಂಡಿಗೆ ಕೆಲವರು ಪ್ರಾಣ ತೆತ್ತುದೂ ಎಲ್ಲರಿಗೂ ತಿಳಿದ ಇತಿಹಾಸ. ಆದರೆ ಆ ತಂಬಾಕನ್ನು ಬಡಿದು, ಜರಡಿ ಹಿಡಿದು, ಹಸನು ಮಾಡುವ ಹೆಂಗಸರ ಇತಿಹಾಸವು ಅಷ್ಟಾಗಿ ತಿಳಿದಿಲ್ಲ. ದೀಪಾ ಧನರಾಜ, ಆಭಾ ಭೈಯಾ, ಮೀರಾ ರಾವ್, ನವರೋಜ ಕಾಂಟ್ರಾಕ್ಟರ್ ಎಂಬ ನಾಲ್ವರು 1980ರ ಸುಮಾರಿಗೆ ಬೆಂಗಳೂರಿನಲ್ಲಿ ‘ಯುಗಾಂತರ’ವೆಂಬ ಚಿತ್ರಸಂಘವನ್ನು ಕಟ್ಟಿಕೊಂಡಿದ್ದರು. ಇವರು ನಿಪ್ಪಾಣಿಗೆ ಬಂದು, ಕೆಲವು ತಿಂಗಳು ಆ ಹೆಂಗಸರ ಸಂಗಡ ಕಳೆದು, 1982ರಲ್ಲಿ ಸುಮಾರು 25 ನಿಮಿಷಗಳ ಚಿತ್ರವೊಂದನ್ನು ಮಾಡಿದರು. ‘ತಂಬಾಕು ಚಾಕೀಲಾ ಊಬ ಆಲಿ’ ಎಂದು ಅದರ ಮರಾಠಿ ಹೆಸರು. ತಂಬಾಕಿನ ರಾಶಿಗೆ ಕಾವೇರಿತೆಂಬುದು ತಾತ್ಪರ್ಯ. ಒಟ್ಟಿದ ತಂಬಾಕಿಗೆ ಒಳಗಿಂದೊಳಗೇ ಕಾವೇರುವದನ್ನು ಆ ಕಸುಬಿನವರೆಲ್ಲ ಬಲ್ಲರು. ಹೆಂಗಸರ ಮನಸ್ಸಿನ ಕಾವಿಗೂ ಆ ಹೆಸರೇ ಒಪ್ಪಿತು.

ಆ ಚಿತ್ರದಲ್ಲಿ ಕೆಮರಾವು ಕಾರಖಾನೆಯ ಒಳಗೇ ಪ್ರವೇಶಿಸಿದೆ. ಅಲ್ಲಿಯ ದುಡಿಮೆಯನ್ನು, ಅಲ್ಲಿ ಪಟ್ಟ ಪಾಡನ್ನು, ಮುಷ್ಕರ ಹೂಡಿ ಸಂಘ ಕಟ್ಟಿದ ಬಗೆಯನ್ನು ಹೆಂಗಸರೇ ಹೇಳುವರು. ಮುಂದೆ ಹಲವು ವರುಷ ಜನರ ಕಣ್ಣಿಗೆ ಅಪರೂಪವಾಗಿದ್ದ ಆ ಸುರುಳಿಯನ್ನು ಬರ್ಲಿನ್ನಿನ ಆರ್ಸೆನಲ್ ಎಂಬ ಚಿತ್ರಸಂಸ್ಥೆಯವರು ಈಚಿನ ವರುಷಗಳಲ್ಲಿ ಜೀರ್ಣೋದ್ಧಾರ ಮಾಡಿರುವರು. ನಮ್ಮ ಮಗ್ಗುಲಿನ ಊರಿನ ಬಾಳನ್ನು ಜರ್ಮನಿಯವರು ಜೋಪಾನ ಮಾಡಬೇಕಾಯಿತು!

ನನ್ನ ಮಗಳು ಇದನ್ನು ಗಣಕಯಂತ್ರದ ಪರದೆಯ ಮೇಲೆ ನನಗೆ ತೋರಿಸಿದಳು. ನೋಡುತ್ತ ನೋಡುತ್ತ ನನಗೆ ಮೂವತ್ತು ವರುಷಗಳಿಗೂ ಹಿಂದಿನ ಸಂಗತಿಯೊಂದು ನೆನಪಾಯಿತು. ಆಗ ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದವನು, ಶಿಸ್ತಿನ ಹುಚ್ಚು ಹೆಚ್ಚು. ನನ್ನ ವರ್ಗದಲ್ಲಿ ಒಬ್ಬ ಹುಡುಗಿ ದಿನಾಲು ತಡವಾಗಿ ಬರುತ್ತಿದ್ದಳು. ಅವಳ ಬಟ್ಟೆಗೆ ತಂಬಾಕಿನ ಘಾಟು. ನಾನು ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆನು. ಒಂದು ದಿನ ಅವಳು, “ಅವ್ವ ನಸುಕಿನ್ಯಾಗ ವಖಾರಿಗೆ ಹೋಗ್ತಾಳ್ರೀ ಸರ್, ತಮ್ಮನ್ನ ಮಲಗಿಸಿ ಬರಬೇಕ್ರಿ” ಎಂದಳು. “ನೆಪ ಹೇಳಬೇಡ” ಎಂದು ನಾನು ಗದರಿಸಿದೆನು. ದೀಪಾವಳಿಯ ಸೂಟಿಯ ತರುವಾಯ ಅವಳು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆಯನ್ನು ಎಳೆದವನು ನಾನೇ. ಅವಳ ಮನೆಗೆ ಹೋಗಿ ವಿಚಾರಿಸಲಿಲ್ಲ. ವ್ಯಾಕರಣವನ್ನು ಕಲಿತ ನನಗೆ ‘ವಖಾರಿ’ ಎಂಬ ಒಂದು ಶಬ್ದದ ಅರ್ಥವು ಅಂದು ಆಗಲಿಲ್ಲ. ಪರದೆಯ ಮೇಲೆ ಆ ಧೂಳನ್ನೂ ಆ ತಾಯಂದಿರನ್ನೂ ಕಂಡಾಗ ಆಯಿತು. ಆ ಚಿತ್ರವು ಸಿದ್ಧವಾಗಿ ಆಗಲೇ ಎಂಟು ಹತ್ತು ವರುಷಗಳಾಗಿದ್ದವು. ನೋಡಿದ್ದರೆ ಆ ಕೆಂಪು ಗೆರೆಯು ಬೀಳುತ್ತಿರಲಿಲ್ಲವೇನೋ.

ಹಾಗೆಂದು ಪರದೆಯ ಮೇಲೆ ಕಂಡುದೆಲ್ಲ ಸತ್ಯವೆಂದು ನಂಬಲಾಗದು. ಸಾಕ್ಷಿಯಲ್ಲಿ ಸುಳ್ಳುಸಾಕ್ಷಿಯೂ ಉಂಟು. ಫ್ಲಾಹರ್ಟಿಯೇ ತನ್ನ ಬೇಟೆಗಾರನಿಂದ, ಬಳಕೆ ತಪ್ಪಿದ ಹಳೆಯ ಪದ್ಧತಿಗಳನ್ನು ಚಿತ್ರಕ್ಕಾಗಿ ಮಾಡಿಸಿದ್ದನು. ಆದುದರಿಂದ ಇಂತಹ ಚಿತ್ರವನ್ನು ನೋಡುವ ಗೃಹಸ್ಥರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇಲ್ಲಿ ಮಾತನಾಡುತ್ತಿರುವವರು ಬಾಳಿದವರೋ, ಅವರ ಪರವಾಗಿ ಬೇರೆಯವರೋ? ಚಿತ್ರ ತೆಗೆದವರು ಅವರೊಡನೆ ಎಷ್ಟು ದಿನ ಇದ್ದರು? ಈ ಚಿತ್ರವನ್ನು ಅವರೇ ನೋಡಿದರೆ ತಲೆ ತಗ್ಗಿಸುವರೋ, ತಲೆ ಎತ್ತುವರೋ? ನಿಪ್ಪಾಣಿಯ ಚಿತ್ರದಲ್ಲಿಯೂ ಕೆಲವು ಪ್ರಸಂಗಗಳನ್ನು ಪುನಃ ಅಭಿನಯಿಸಿರುವರು. ಆದರೆ ಆ ಹೆಂಗಸರೊಡನೆ ಕೂಡಿ ವಿಚಾರಿಸಿ ಮಾಡಿದ ಕೆಲಸವದು.

ವಾಚಕ ಮಹಾಶಯರಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಮ್ಮೆಯಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಇಂತಹ ಚಿತ್ರವೊಂದನ್ನು ನೋಡಿರಿ. ಮುಗಿದ ಮೇಲೆ ಮಕ್ಕಳಿಂದ, “ಇವರಂಥವರು ನಮ್ಮ ಓಣಿಯಲ್ಲಿ ಯಾರಿದ್ದಾರೆ?” ಎಂಬುದಕ್ಕೆ ಉತ್ತರವನ್ನು ಹೇಳಿಸಿರಿ. ಮರುದಿನ ಆ ಮನುಷ್ಯನು ಬಾಗಿಲಿಗೆ ಬಂದಾಗ ಎರಡು ಮಾತು ಆಡಿಸಿರಿ. ಚಿತ್ರ ತೆಗೆದವರು ನಮಗಾಗಿ ಸಾಕ್ಷಿಗಳಾದರು. ನಮ್ಮ ಓಣಿಗೆ ಸಾಕ್ಷಿಗಳಾಗುವದು ನಮ್ಮ ಪಾಲಿನ ಕೆಲಸ.

ನನ್ನ ಆ ವಿದ್ಯಾರ್ಥಿನಿಗೆ ಈಗ ನಲವತ್ತು ದಾಟಿರಬೇಕು. ಅವಳು ಎಲ್ಲಿಯೇ ಇರಲಿ, ಅವಳ ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗುವಂತಾಗಿರಲೆಂದು ಹಾರೈಸುತ್ತೇನೆ.