ಪಿಸುಮಾತಿನ ಕಾಮೆಂಟರಿ

ಭಾಲ್ಕಿ ತಾಲ್ಲೂಕಿನ ಮೆಹಕರ ಕಡೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಕಾಮೆಂಟರಿ ಅಂದರೆ ಗದ್ದಲ. ಕಣದ ಬದಿಗೆ ಹಲಗಿ ಬಡಿತ, ಮೈಕಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಪೈಲ್ವಾನನ ಊರು, ಉಸ್ತಾದನ ಹೆಸರು, ಇನಾಮಿನ ಮೊತ್ತ ಎಲ್ಲ ಒಂದೇ ಉಸಿರಿಗೆ. ಮೈಕ್ ಹಿಡಿದವನು ಅರೆಗಳಿಗೆ ಸುಮ್ಮನಾದರೂ ‘ಲೈಟ್ ಹೋತೇನ್ರಿ?’ ಅನ್ನುವವರು ನಾವು. ಅಂಥ ಕಿವಿಗೆ 2021ರ ಆಗಸ್ಟ್ 7ರ ಬೆಳಿಗ್ಗೆ ಟಿ.ವಿ.ಯಲ್ಲಿ ಬಂದ ದನಿ ಸೋಜಿಗದ್ದು. ಮನೆಯಲ್ಲಿ ಮಗು ಮಲಗಿದೆಯೇನೋ ಎಂಬಂತೆ ಪಿಸುಗುಟ್ಟುತ್ತಿದ್ದರು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ಪದಕದ ಹತ್ತಿರ ನಿಂತಿದ್ದಳು.

ಈ ಪಿಸುಮಾತು ಬಂದದ್ದು ಮೈದಾನದಿಂದ. ಹೊಡೆಯುವವರ ಹತ್ತಿರವೇ ಮೈಕ್ ಹಿಡಿದು ನಡೆಯುವ ವರದಿಗಾರ ಗಟ್ಟಿಯಾಗಿ ಮಾತಾಡಿದರೆ ಆಟಗಾರ ಕೋಲು ಇಳಿಸಿ ತಿರುಗಿ ನೋಡುತ್ತಾನೆ. ದೂರದ ಗಾಜಿನ ಕೋಣೆಯಲ್ಲಿ ಕೂತವರಿಗೆ ಆ ಹೆದರಿಕೆ ಇಲ್ಲ. ಆದರೂ ಅವರ ದನಿಯೂ ತಗ್ಗಿಯೇ ಇರುತ್ತದೆ. ಇನ್ನೊಂದು ಕಾರಣವೂ ಇದೆ. ಹದಿನೆಂಟು ಗುಳಿಗಳ ಒಂದು ಸುತ್ತಿಗೆ ನಾಲ್ಕು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಕೋಲು ಬೀಸುವ ಹೊತ್ತನ್ನಷ್ಟೇ ಕೂಡಿಸಿದರೆ ಎರಡು ಮೂರು ನಿಮಿಷ ಆದೀತು. ಉಳಿದದ್ದು ನಡಿಗೆ, ಕಾಯುವುದು, ತನ್ನೊಳಗೇ ಮಾತು. ಎದೆಬಡಿತ ಏರುವುದು ಅಲ್ಲೇ. ಕುಸ್ತಿಯಲ್ಲಿ ಹೆದರಲು ಪುರಸೊತ್ತೇ ಇಲ್ಲ, ಗಾಲ್ಫ್‌ನಲ್ಲಿ ಬೇಕಾದಷ್ಟಿದೆ. ಹೀಗಾಗಿ ಗಾಲ್ಫ್ ಕಾಮೆಂಟರಿ ಚೆಂಡಿಗಿಂತ ಹೆಚ್ಚಾಗಿ ಮನಸ್ಸಿನ ಕಾಮೆಂಟರಿ ಆಗಿಬಿಟ್ಟಿತು.

ಅದನ್ನು ಬೆಳೆಸಿದವರಲ್ಲಿ ಸ್ವತಃ ಆಡಿ ಪೆಟ್ಟು ತಿಂದವರಿದ್ದಾರೆ. ಬಿಬಿಸಿಯ ಪೀಟರ್ ಆಲಿಸ್ 1953ರ ರೈಡರ್ ಕಪ್ ಆಡಿದಾಗ ಅವರಿಗೆ 22 ವರ್ಷ. ಕೊನೆಯ ಗುಳಿಯ ಬಳಿ ಸುಲಭದ ಹೊಡೆತ ತಪ್ಪಿತು, ಚೆಂಡನ್ನು ಗುಳಿಗೆ ಉರುಳಿಸುವ ಮೋಟು ಪಟ್ಟೂ ತಪ್ಪಿತು. ಬ್ರಿಟನ್ ಒಂದೇ ಅಂಕದಿಂದ ಅಮೆರಿಕಕ್ಕೆ ಸೋತಿತು. 1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಓಪನ್ ಟೂರ್ನಿಯಲ್ಲಿ ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್ ಮೂರು ಹೊಡೆತ ಮುಂದಿದ್ದವನು ಕೊನೆಯ ಗುಳಿಯಲ್ಲಿ ತಡವರಿಸಿ, ಬೂಟು ಕಳಚಿ, ಪ್ಯಾಂಟು ಮಡಚಿ ಹಳ್ಳದ ನೀರಿಗಿಳಿದಾಗ, ಯಾರಾದರೂ ಹೋಗಿ ಅವನನ್ನು ತಡೆಯಬಾರದೇ ಎಂದು ಮೈಕಿನಲ್ಲಿ ಅಂಗಲಾಚಿದ್ದು ಇದೇ ಆಲಿಸ್. ಆರು ಹೊಡೆತ ಸಾಕಿತ್ತು, ಏಳು ತಗೊಂಡ. ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದ.

ಅಮೆರಿಕದ ಜಾನಿ ಮಿಲ್ಲರ್ ದಾಕ್ಷಿಣ್ಯದವನಲ್ಲ. 1973ರ ಯು.ಎಸ್. ಓಪನ್‌ನ ಕೊನೆಯ ಸುತ್ತನ್ನು 63 ಹೊಡೆತಕ್ಕೇ ಮುಗಿಸಿ ಗೆದ್ದವನು. 1990ರಲ್ಲಿ ಮೈಕ್ ಹಿಡಿದ ಹೊಸತರಲ್ಲೇ ಗೆಳೆಯ ಪೀಟರ್ ಜೇಕಬ್ಸನ್ ಹೊಡೆಯಲು ನಿಂತಾಗ, ಕೈಕಾಲು ತಣ್ಣಗಾಗಿ ಕೆಡಿಸಿಕೊಳ್ಳಲು ಇದಕ್ಕಿಂತ ಸುಲಭದ ಹೊಡೆತ ಇಲ್ಲ ಎಂಬರ್ಥದಲ್ಲಿ ‘ಚೋಕ್’ ಶಬ್ದವನ್ನೇ ಆಡಿಬಿಟ್ಟ. ಜೇಕಬ್ಸನ್ ಆ ಹೊಡೆತವನ್ನೂ ಪಂದ್ಯವನ್ನೂ ಗೆದ್ದ, ಅದು ಬೇರೆ ಮಾತು. ಆಟಗಾರರು ತಮ್ಮೊಳಗೇ ಆಡಿಕೊಳ್ಳುತ್ತಿದ್ದ ಶಬ್ದ ಮನೆಮನೆಗೆ ಕೇಳಿತು. ನನ್ನ ಮಟ್ಟಿಗೆ ಮಿಲ್ಲರ್ ಮಾಡಿದ್ದೇ ಸರಿ. ಹೆದರಿಕೆಯನ್ನು ಹೆಸರು ಹಿಡಿದು ಕರೆಯದ ಮೇಲೆ ಕಾಮೆಂಟರಿ ಎಂಥದು?

ಈಗ ಅದಿತಿ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುವ ಹೋಟೆಲಿನಲ್ಲಿ ಅಪ್ಪ-ಅಮ್ಮನ ಜೊತೆ ತಿಂಡಿಗೆ ಕೂತ ಐದು ವರ್ಷದ ಹುಡುಗಿ ಅಲ್ಲೇನು ನಡೆದಿದೆ ಎಂದು ಕೇಳಿದ್ದರಿಂದ ಶುರುವಾದ ಆಟ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕೋಲುಗಳ ಚೀಲ ಹೊತ್ತವರು ಅಪ್ಪ, ಟೋಕಿಯೊದಲ್ಲಿ ಅಮ್ಮ ಮಹೇಶ್ವರಿ. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವಳು, ಕೆಲ ತಿಂಗಳ ಹಿಂದಷ್ಟೇ ಕೋವಿಡ್‌ನಿಂದ ಎದ್ದು ಬಂದವಳು, ದೂರ ಹೊಡೆಯುವ ಬಲ ಕಡಿಮೆ. ಆದರೂ ಸುತ್ತುಗಳು 67, 66, 68, 68. ಕೊನೆಯ ದಿನ ಮಳೆ-ಗುಡುಗಿಗೆ ಆಟ ನಿಂತು ಮತ್ತೆ ಶುರುವಾಯಿತು. ಕಾಯುವ ಆಟದಲ್ಲಿ ಇನ್ನಷ್ಟು ಕಾಯುವಿಕೆ. ಗಾಲ್ಫ್‌ನಲ್ಲಿ ಕೋಲು ಎಷ್ಟಿರುತ್ತವೆಂದೂ ಗೊತ್ತಿಲ್ಲದವರು ಕೊನೆಯ ಪಟ್‌ಗೆ ಉಸಿರು ಹಿಡಿದಿದ್ದರು. ಚೆಂಡು ಗುಳಿಗೆ ಬೀಳಲಿಲ್ಲ. ಒಟ್ಟು 269, ಬೆಳ್ಳಿ-ಕಂಚಿನವರಿಗಿಂತ ಒಂದೇ ಹೊಡೆತ ಹೆಚ್ಚು, ನಾಲ್ಕನೇ ಸ್ಥಾನ.

ಕೈಗೆ ಪದಕ ಬರಲಿಲ್ಲ, ಹಾಗೆಂದು ಕೈ ನಡುಗಿತ್ತು ಎನ್ನಲಾಗದು. ನಡುಗಿದ್ದು ಎರಡು ವರ್ಷದ ನಂತರ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ. ಮೂರನೇ ಸುತ್ತಿಗೆ 61 ಹೊಡೆದು ಏಳು ಹೊಡೆತ ಮುಂದಿದ್ದಳು. 2023ರ ಅಕ್ಟೋಬರ್ 1ರಂದು ಕೊನೆಯ ಸುತ್ತು 77ಕ್ಕೆ ಹೋಯಿತು, ಚಿನ್ನ ಥಾಯ್ಲೆಂಡಿಗೆ, ಬೆಳ್ಳಿ ಅದಿತಿಗೆ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಗೆ ಸಿಕ್ಕ ಮೊದಲ ಪದಕ ಅದೇ ಬೆಳ್ಳಿ.