ಅಜ್ಜಿ ಕೇಳಿದ ಕತ್ತಲೆ ಕೋಣೆ: ಬಿಸಿಲು ಸೀಮೆಯಲ್ಲಿ ತಂಪಾದ ಮೂಲೆ ಮಾಡ್ಕೊಳ್ಳೋದು ಹೇಗೆ?

ಇಯರ್‌ಫೋನ್ ಹಾಕ್ಕೊಂಡಿದ್ದರೆ ಒಂದು ಕೆಲಸ ಮಾಡಿ, ಫೋನನ್ನು ಬೋರಲು ಹಾಕಿ. ಸ್ಕ್ರೀನ್ ಬೆಳಕು ಬೇಡ. ಇವತ್ತಿನ ಮಾತು ಕತ್ತಲೆಯ ಬಗ್ಗೆ.

ಹೆದರಿಸೋ ಕತ್ತಲೆ ಅಲ್ಲ, ಹಾಯಾಗಿ ಮಲಗಿಸೋ ಕತ್ತಲೆ. ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ: ಕಡು ಹಸಿರು ಗೋಡೆ, ಮೂಲೆಯಲ್ಲೊಂದು ಹಳದಿ ದೀಪ, ದಪ್ಪ ಪರದೆ. 'ಡಾರ್ಕ್ ಕೋಜಿ ರೂಮ್' ಅಂತಾರೆ. ಹೆಚ್ಚಿನವು ಚಳಿ ದೇಶದವರ ವಿಡಿಯೋಗಳು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಿಸಿಲಲ್ಲಿ ಇದು ನಡೆಯುತ್ತಾ? ನಡೆಯುತ್ತೆ. ನಮ್ಮ ಹಳೇ ಮನೆಗಳಲ್ಲಿ ಇಂಥ ಕೋಣೆ ಇದ್ದೇ ಇತ್ತು, ನಾವೇ ಕೆಡವಿದ್ವಿ. ನಮ್ಮ ಮನೇಲಿ ಹಟ ಮಾಡಿ ಕೆಡವಿಸಿದ್ದು ನಾನು.

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಅಲ್ಲಿ ಅಜ್ಜಿಯ ಮಣ್ಣಿನ ಮಾಳಿಗೆ ಮನೆ ಇತ್ತು. ಒಂದೂವರೆ ಅಡಿ ದಪ್ಪದ ಗೋಡೆ. ಮೇಲೆ ತೊಲೆ, ಹಲಗೆ, ಸೊಪ್ಪು, ಮಣ್ಣು, ಅದರ ಮೇಲೆ ನೀರು ಇಳಿಯದಂತೆ ಚೌಳು ಮಣ್ಣು. ನಡುಮನೆಗೆ ಕಿಟಕಿಯೇ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಗವಾಕ್ಷಿ ಅಷ್ಟೆ. ಅದರ ಪಕ್ಕದ ಕೋಣೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೂ ದೀಪ ಹಚ್ಚಿದ್ರೇನೇ ಡಬ್ಬಿ ಕಾಣೋದು. ಅಜ್ಜಿ ದಿನಾ ಊಟ ಮಾಡಿ ಅಲ್ಲೇ ಒಂದು ಗಳಿಗೆ ಮಲಗೋರು.

ಬಿ.ಕಾಂ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನೇ ಅಪ್ಪನ ಬೆನ್ನು ಬಿದ್ದು ಆರ್‌ಸಿಸಿ ಮನೆ ಕಟ್ಟಿಸಿದೆ. ಅಜ್ಜಿ ರೂಮಿಗೆ ಪಶ್ಚಿಮಕ್ಕೆ ಆರಡಿ ಅಗಲದ ಗಾಜಿನ ಕಿಟಕಿ ಇಡಿಸಿದ್ದೂ ನಾನೇ. "ಬೆಳಕು ಚೆನ್ನಾಗಿ ಬರುತ್ತೆ ಅಜ್ಜಿ" ಅಂದಿದ್ದೆ. ಗೃಹಪ್ರವೇಶ ಆದ ಮೊದಲ ಬೇಸಿಗೆಯಲ್ಲಿ ಊರಿಗೆ ಹೋದಾಗ ನೋಡ್ತೀನಿ, ಅಜ್ಜಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಚಾಪೆ ಹಾಸ್ಕೊಂಡು ಮಲಗಿದಾರೆ, ಅಕ್ಕಿ ಮೂಟೆ ಪಕ್ಕ. ಕೇಳಿದ್ದಕ್ಕೆ, "ಆ ರೂಮಲ್ಲಿ ಕಣ್ಣು ಮುಚ್ಚಿದ್ರೂ ಬೆಳಕು ಕಣಮ್ಮ" ಅಂದ್ರು. ಅವರಿಗೆ ಕಣ್ಣಲ್ಲಿ ಪೊರೆ ಇತ್ತು. ಪೊರೆ ಇದ್ದವರಿಗೆ ಪ್ರಖರ ಬೆಳಕು ಕಣ್ಣಿಗೆ ಹೊಡೆಯುತ್ತೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಹಾಗಾದ್ರೆ ಹಳೇ ಕೋಣೆ ಯಾಕೆ ತಂಪಾಗಿತ್ತು, ಹೊಸದು ಯಾಕೆ ಕಾಯುತ್ತೆ?

ದಪ್ಪ ಮಣ್ಣಿನ ಗೋಡೆಯನ್ನು ಬಿಸಿಲು ದಾಟಿ ಒಳಗೆ ಬರೋಕೆ ಸುಮಾರು ಹತ್ತು ಗಂಟೆ ಬೇಕು. ಮಧ್ಯಾಹ್ನದ ಶಾಖ ಒಳಗೆ ತಲುಪೋ ಹೊತ್ತಿಗೆ ಹೊರಗೆ ರಾತ್ರಿ ಆಗಿ ತಣ್ಣಗಾಗಿರುತ್ತೆ. ನಾಲ್ಕೈದು ಇಂಚಿನ ಕಾಂಕ್ರೀಟ್ ತಾರಸಿ ಮೂರ್ನಾಲ್ಕು ಗಂಟೆಯಲ್ಲೇ ಶಾಖ ಕೆಳಗಿಳಿಸುತ್ತೆ. ಅದಕ್ಕೇ ಸಂಜೆ ಫ್ಯಾನ್ ಹಾಕಿದ್ರೆ ಬಿಸಿ ಗಾಳಿ ಸುರಿಯೋದು. ಬಂಡೆಯದೂ ಇದೇ ಕಥೆ. ಮಧುಗಿರಿಯ ಏಕಶಿಲಾ ಬೆಟ್ಟದ ಬಂಡೆಯನ್ನು ಸಂಜೆ ಮುಟ್ಟಿ ನೋಡಿ, ಇನ್ನೂ ಬೆಚ್ಚಗಿರುತ್ತೆ. ಆದರೆ ಕೊರಟಗೆರೆ ಪಕ್ಕದ ಸಿದ್ಧರಬೆಟ್ಟದಲ್ಲಿ ಗುಹೆಯೊಳಗೆ ಇಳಿದವರಿಗೆ ಗೊತ್ತು, ಏಪ್ರಿಲ್‌ನಲ್ಲೂ ಮೈ ಜುಮ್ ಅನ್ನುತ್ತೆ. ಅಷ್ಟು ದಪ್ಪದ ಕಲ್ಲನ್ನು ದಾಟಿ ಬಿಸಿಲು ಒಳಗೆ ಬರೋದಿಲ್ಲ. ಅಜ್ಜಿಯ ಕೋಣೆಯೂ ಹಾಗೇ, ಒಂದು ಪುಟ್ಟ ಗುಹೆ.

ಇನ್ನು ಗಾಜು. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಶಾಖ ಸಲೀಸಾಗಿ ಆಚೆ ಹೋಗಲ್ಲ. ದಕ್ಷಿಣದ ಕಿಟಕಿಗೆ ಸಜ್ಜಾ ಸಾಕು, ಅಲ್ಲಿ ಸೂರ್ಯ ಎತ್ತರದಲ್ಲಿರ್ತಾನೆ. ಪಶ್ಚಿಮದಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ಕೆಳಗಿಳಿದಿರ್ತಾನೆ, ಸಜ್ಜಾದ ಅಡಿಯಿಂದ ನೇರ ಮಂಚಕ್ಕೇ ಬರ್ತಾನೆ. ಈ ಬಿಸಿಲು ಸಾಮಾನ್ಯದ್ದಲ್ಲ. ಪಾವಗಡದ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಹಾಕಿರೋದು ಸುಮ್ಮನೆ ಅಲ್ಲ. ಅಂಥ ಬಿಸಿಲಿಗೆ ನಾನು ಆರಡಿ ಬಾಗಿಲು ತೆಗೆದುಕೊಟ್ಟಿದ್ದೆ.

ಸರಿ, ಮನೆ ಮತ್ತೆ ಕೆಡವೋಕಾಗಲ್ಲ. ನಾವು ಮಾಡಿದ್ದು ಇಷ್ಟು.

ಒಂದು, ನೆರಳು ಹೊರಗೆ. ಪರದೆ ಒಳಗಡೆ ಹಾಕಿದ್ರೆ ಬೆಳಕು ನಿಲ್ಲುತ್ತೆ, ಶಾಖದಲ್ಲಿ ಬಹುಪಾಲು ಆಗಲೇ ಒಳಗೆ ಬಂದಿರುತ್ತೆ. ಅದಕ್ಕೆ ಕಿಟಕಿಯಿಂದ ಒಂದಡಿ ಆಚೆಗೆ ತೆಂಗಿನ ಗರಿಯ ತಡಿಕೆ ಕಟ್ಟಿದ್ವಿ. ಗರಿ ತೋಟದ್ದು. ಬಿದಿರು, ಹಗ್ಗಕ್ಕೆ 450 ರೂಪಾಯಿ.

ಎರಡು, ತಾರಸಿಗೆ ಬಿಳಿ ಸುಣ್ಣ. 600 ರೂಪಾಯಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತೆ. ಮಳೆಗೆ ತೊಳೆದು ಹೋಗುತ್ತೆ, ವರ್ಷಕ್ಕೊಮ್ಮೆ ಬಳೀಬೇಕು.

ಮೂರು, ಒಳಗೋಡೆಗೆ ಕಡು ಬಣ್ಣ. "ಕಡು ಬಣ್ಣ ಶಾಖ ಹೀರಲ್ವಾ?" ಅಂತ ಕೇಳಬಹುದು. ಹೀರೋದು ಬಿಸಿಲು ಬಿದ್ದಾಗ. ಬಿಸಿಲೇ ಒಳಗೆ ಬರದಿದ್ದರೆ ಆ ಚಿಂತೆ ಇಲ್ಲ. ನಾವು ಹಳೇ ಮನೆಯ ಕೆಮ್ಮಣ್ಣಿನ ಬಣ್ಣವನ್ನೇ ಆರಿಸಿದ್ವಿ. ಸೀಲಿಂಗಿಗೂ ಅದೇ ಬಣ್ಣ, ಆಗ ಮೂಲೆಗಳು ಕಣ್ಣಿಗೆ ಕಾಣದೆ ಕೋಣೆ ನಮ್ಮನ್ನು ತಬ್ಬಿಕೊಂಡ ಹಾಗಿರುತ್ತೆ. 1,900 ರೂಪಾಯಿ.

ನಾಲ್ಕು, ದೀಪ. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತೆ. 6,500 ಇದ್ದರೆ ಬೆಳ್ಳನೆ ಬೆಳಕು, 2,700 ಇದ್ದರೆ ಹಣತೆಗೆ ಹತ್ತಿರದ ಹಳದಿ. 2,700ರ ಎರಡು ಪುಟ್ಟ ಬಲ್ಬು ತಂದೆ, 240 ರೂಪಾಯಿ. ಒಂದು ಮಂಚದ ಪಕ್ಕ, ಕೂತಾಗ ಕಣ್ಣಿಗಿಂತ ಕೆಳಗೆ. ಇನ್ನೊಂದು ಬಚ್ಚಲಿಗೆ ಹೋಗೋ ದಾರಿಯಲ್ಲಿ, ನೆಲದ ಹತ್ತಿರ. ವಯಸ್ಸಾದವರಿರೋ ಮನೇಲಿ ಇದನ್ನು ಮರೀಬೇಡಿ, ಕತ್ತಲೆಯಲ್ಲಿ ಎಡವಿ ಸೊಂಟ ಮುರ್ಕೊಂಡ್ರೆ ಕಷ್ಟ.

ಐದು, ಕಂಬಳಿ. ಶಿರಾ ಕಡೆಯ ನೆಂಟರು ಹಿಂದೆ ಯಾವಾಗಲೋ ಕೊಟ್ಟಿದ್ದ ಕರಿ ಕಂಬಳಿ ಬೀರುವಿನಲ್ಲಿತ್ತು. ಅದನ್ನು ಬಾಗಿಲಿಗೆ ಇಳಿಬಿಟ್ವಿ. ಉಣ್ಣೆ ಬೆಳಕನ್ನೂ ತಡೆಯುತ್ತೆ, ಟಿವಿ ಸದ್ದನ್ನೂ ಸ್ವಲ್ಪ ನುಂಗುತ್ತೆ.

ಒಟ್ಟು ಲೆಕ್ಕ 3,190 ರೂಪಾಯಿ. ಆ ಗಾಜಿನ ಕಿಟಕಿಗೆ ಕೊಟ್ಟಿದ್ದು ಇದರ ಹತ್ತರಷ್ಟಕ್ಕೂ ಜಾಸ್ತಿ.

ವೇಳೆಯೂ ಮುಖ್ಯ. ಬೆಳಗ್ಗೆ ಒಂಬತ್ತಕ್ಕೆ ಎಲ್ಲ ಮುಚ್ಚಬೇಕು, ಹೊತ್ತು ಮುಳುಗಿ ಹೊರಗೆ ತಣ್ಣಗಾದ ಮೇಲೆ ಎಲ್ಲ ತೆಗೀಬೇಕು. ಸೀಲಿಂಗ್ ಹತ್ತಿರದ ವೆಂಟಿಲೇಟರ್ ಮಾತ್ರ ಯಾವಾಗಲೂ ತೆರೆದಿರಲಿ, ಸೊಳ್ಳೆಗೆ ಜಾಲರಿ ಹಾಕಿ. ಬಿಸಿ ಗಾಳಿ ಮೇಲೇರುತ್ತೆ, ಅದಕ್ಕೆ ದಾರಿ ಬೇಕು. ಹಿಂದಿನವರು ಗವಾಕ್ಷಿ ಇಟ್ಟಿದ್ದು ಅದಕ್ಕೂ ಸೇರಿ. ಕತ್ತಲೆ ಕೋಣೆ ಅಂದರೆ ಗಾಳಿ ಇಲ್ಲದ ಕೋಣೆ ಅಲ್ಲ. ಒಳಗೆ ಕೆಂಡ, ಹೊಗೆ ಇಟ್ಟು ಬಾಗಿಲು ಹಾಕಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳದೇ ಹೋಗಬಹುದು.

ಇದನ್ನು ಕೇಳಿ ಅಮ್ಮ ಒಂದು ಮಾತು ಅಂದ್ರು. "ನಿನಗೆ ಆ ಕೋಣೆ ಚೆಂದ. ನಿನ್ನ ಬಾಣಂತನ ಅಲ್ಲೇ ಆಗಿದ್ದು. ಕೆಂಡದ ಹೊಗೆ, ಕಿವಿಗೆ ಹತ್ತಿ, ಆಚೆ ಬರೋ ಹಾಗಿಲ್ಲ. ಯಾವಾಗ ಬೆಳಕು ನೋಡ್ತೀನೋ ಅನ್ನಿಸ್ತಿತ್ತು." ಅದೇ ಕೋಣೆ, ಅದೇ ಕತ್ತಲೆ. ಅಜ್ಜಿ ತಾವಾಗಿ ಹೋಗ್ತಿದ್ರು, ಬೇಕಾದಾಗ ಎದ್ದು ಬರ್ತಿದ್ರು. ಅಮ್ಮನನ್ನು ಕೂರಿಸಿದ್ರು. ನಾನು ಅಜ್ಜಿಗೆ ಬೆಳಕು ಕೊಡಿಸಿದ್ದೂ ಹಾಗೇ, ಕೇಳದೇ.

ನಮ್ಮ ವಯಸ್ಸಿನವರಿಗೂ ಇದು ಅನ್ವಯಿಸುತ್ತೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಸಲ ಫೋನ್ ನೋಡಿದ್ರೆ ಅದರಲ್ಲಿ ಬಹುಪಾಲು ಹಾಳು. ರಾತ್ರಿಯ ಪ್ರಖರ ಬೆಳಕು ನಿದ್ದೆ ತರಿಸೋ ಮೆಲಟೋನಿನ್ ಅನ್ನು ತಗ್ಗಿಸುತ್ತೆ. ಹಾಗೇ ಬೆಳಗಿನ ಬಿಸಿಲು ಇಲ್ಲದಿದ್ರೆ ದೇಹದ ಗಡಿಯಾರ ತಪ್ಪುತ್ತೆ. ಒಂದು ಗಂಟೆ ಕತ್ತಲೆಯಲ್ಲಿ ಕೂತು ಹಗುರಾಗಿ ಎದ್ದು ಬಂದ್ರೆ ಅದು ವಿಶ್ರಾಂತಿ. ದಿನಗಟ್ಟಲೆ ಆಚೆ ಬರೋಕೇ ಮನಸ್ಸಿಲ್ಲ ಅಂದ್ರೆ ಯಾರ ಹತ್ರವಾದ್ರೂ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡ್ತಾರೆ.

ಈಗ ಅಜ್ಜಿ ಮೆಟ್ಟಿಲ ಕೆಳಗೆ ಮಲಗಲ್ಲ. ಮೊನ್ನೆ ಫೋನ್ ಮಾಡಿದ್ದೆ. "ಹಳೇ ಕೋಣೆ ಅಷ್ಟು ತಂಪಿಲ್ಲ ಕಣಮ್ಮ. ಆದ್ರೂ ಕಣ್ಣು ಹತ್ತುತ್ತೆ" ಅಂದ್ರು. ನನಗೆ ಅಷ್ಟು ಸಾಕು.

ನಿಮ್ಮ ಅಜ್ಜಿ ಮನೇಲೂ ಇಂಥ ಕೋಣೆ ಇತ್ತಾ? ಅದನ್ನ ಏನಂತ ಕರೀತಿದ್ರಿ? ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.